ಅಪ್ಪಾರ ಡಬಲ್ ಬ್ಯಾರಲ್ ಬಂದೂಕು ಶಿರಸಿಗೆ ಕಳಿಸಬೇಕು, ಪಾರ್ಸೆಲ್ ಹಾಕಬಹುದೇನ್ರಿ?

ಕೃಷ್ಣಾತೀರ_ಜಮಖಂಡಿ:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಜಮಖಂಡಿ ತಾಲೂಕಿನಾಕಿ, ಸಾಲ್ಯಾಗ ಕಲಸ್ತೀನಿ. ನಮ್ಮಪ್ಪಾರು ಯುಗಾದಿ ಮುಂದ ತೀರಿಕೊಂಡ್ರು. ಅವರ ಹೆಸರಿಲೆ ಒಂದು 12 ಬೋರ್ ಡಬಲ್ ಬ್ಯಾರಲ್ ಬಂದೂಕು ಐತಿ. ಹೊಳಿ ದಂಡಿ ಕಬ್ಬಿಗೆ ಹಂದಿ ಬರ್ತಾವಂತ ಬೆಳಿ ರಕ್ಷಣಾಕ ಲೈಸೆನ್ಸ್ ತಗೊಂಡಿದ್ರು. ಈಗ ಮನ್ಯಾಗ ಅದನ್ನ ಮುಟ್ಟವರು ಇಲ್ಲ. ತಮ್ಮ ಪುಣೆದಾಗ ನೌಕರಿ, ಅವಗ ಬ್ಯಾಡಂತ. ಅವ್ವ ಅಂತೂ ಬಂದೂಕಿನ ಟ್ರಂಕ್ ಇರೋ ಖೋಲಿಗೆ ಹೋಗೂದ ಬಿಟ್ಟಾಳ.

ಶಿರಸಿ ಕಡೆ ಅಡಿಕಿ ತೋಟದವರೊಬ್ರು ಅಪ್ಪಾರ ಪರಿಚಯದವರು, ತಗೋತೀನಿ ಅಂದಾರ. ಅವರಿಗೆ ಲೈಸೆನ್ಸ್ ಐತಿ. ರೇಟೂ ಮಾತಾಡೇವಿ. “ಬಿಚ್ಚಿ ಗೋಣಿಚೀಲದಾಗ ಸುತ್ತಿ ಟ್ರಾನ್ಸ್‌ಪೋರ್ಟಿಗೆ ಹಾಕಿಬಿಡ್ರಿ, ರೊಕ್ಕ ಅವತ್ತ ಹಾಕ್ತೀನಿ” ಅಂತಾರ. ಕುರಿಯರ್‌ನವರನ್ನ ಕೇಳಿದ್ರ ಒಬ್ರು ಬಂದೂಕು ಅಂದ ಕೂಡ್ಲೇ ಕೈ ಮುಗದ್ರು, ಇನ್ನೊಬ್ರು “ಪಂಪ್‌ಸೆಟ್ ಪೈಪ್ ಅಂತ ಬರಸ್ರಿ, ನಡೀತೈತಿ” ಅಂದ್ರು. ಅಮೆರಿಕಾದಾಗಿರೋ ನಮ್ಮ ಕಾಕಾನ ಮಗ, ಅಲ್ಲಿ ರೈಫಲ್ ಪಾರ್ಸೆಲ್ ಮ್ಯಾಲೇ ಮಾರ್ತಾರ ಅಂತಾನ. ನಮಗ ಏನು ಕಾಯ್ದೆ ಐತಿ, ತಿಳಿದವರು ಹೇಳ್ರಿ.

ಬಿಲ್ಟಿ_ವಿಜಯಪುರ:

ಅಕ್ಕಾರ, ದಯಮಾಡಿ ಪೈಪ್ ಅಂತ ಬರಸಬ್ಯಾಡ್ರಿ. ನಾನು ಲಾರಿ ಬುಕಿಂಗ್ ಆಫೀಸ್‌ನಾಗ ಬಿಲ್ಟಿ ಬರೆಯಾಂವ. ಬಿಲ್ಟಿ ಮ್ಯಾಲೆ ಮಾಲಿನ ಹೆಸರು, ಕಳಿಸಿದವರ ಹೆಸರು, ಸಹಿ ಎಲ್ಲಾ ಇರ್ತೈತಿ. ಚೆಕ್‌ಪೋಸ್ಟ್‌ನಾಗ ಗಂಟು ಬಿಚ್ಚಿದ್ರ ಮೊದಲ ಕೆಳಗ ಇಳಿಸೂದು ಡ್ರೈವರ್‌ನ್ನ. ಗಂಟಿನಾಗ ಏನೈತಿ ಅಂತ ಅವಗ ಗೊತ್ತೂ ಇರೂದಿಲ್ಲ. ಅವಂದೂ ಸಂಸಾರ ಐತ್ರಿ.

ಹನ್ನೆರಡುಬೋರ್_ಬೆಳಗಾವಿ:

ತಂಗಿ, ನಾನು ಬೆಳಗಾವ್ಯಾಗ ಬಂದೂಕಿನ ಅಂಗಡಿ ಕೌಂಟರ್‌ನಾಗ ಕುಂತು ತಲಿ ಬೆಳ್ಳಗ ಮಾಡ್ಕೊಂಡಾಂವ. ಪಾರ್ಸೆಲ್ ಮಾತು ಆಮ್ಯಾಲ. ಮೊದಲ ಆ ಟ್ರಂಕ್ ನೋಡ್ರಿ. ಲೈಸೆನ್ಸ್ ಇದ್ದದ್ದು ನಿಮ್ಮಪ್ಪಾರ ಹೆಸರಿಗೆ, ಮನೀಗಲ್ಲ. ಅವರು ಹೋದ ಮ್ಯಾಲೆ ಆ ಬಂದೂಕು ನಿಮ್ಮ ಮನ್ಯಾಗ ಇರೂದ ಕಾಯ್ದೆಕ್ಕ ಕೂಡೂದಿಲ್ಲ. ಲೈಸೆನ್ಸ್ ಇಲ್ಲದ ಬಂದೂಕು ಇಟ್ಕೊಂಡ್ರ ಈಗ ಕನಿಷ್ಠ 2 ವರ್ಷ, ಹೆಚ್ಚಂದ್ರ 5 ವರ್ಷ ಶಿಕ್ಷಾ ಐತಿ. 2019ರ ತಿದ್ದುಪಡಿಯೊಳಗ ಅದನ್ನ ಏರಿಸ್ಯಾರ. ನಿಮ್ಮನ್ನ ಹೆದರಸಾಕ ಹೇಳಾಕತ್ತಿಲ್ಲ. ಗಂಡ ಸತ್ತ ದುಃಖದಾಗಿರೋ ಹೆಣ್ಣಮಕ್ಕಳು ಠಾಣೆ ಬಾಗಲಾ ಕಾಯೂದನ್ನ ನೋಡೇನಿ. ಅದು ನಿಮ್ಮ ಅವ್ವಾರಿಗೆ ಬರಬಾರದು.

1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮು ಇಂಥಾದ್ದಕ್ಕ ಐತಿ. ತಡಾ ಮಾಡದ ಹತ್ತಿರದ ಠಾಣೆದಾಗ ಇಲ್ಲಾ ಲೈಸೆನ್ಸ್ ಇರೋ ಡೀಲರ್ ಕಡೆ ಜಮಾ ಮಾಡಬೇಕು. ಠಾಣೆಗೆ ಮೊದಲ ತಿಳಿಸಿ, ಅವರು ಹೇಳಿದ ಹಂಗ ಒಪ್ಪಿಸ್ರಿ. ನೀವ ಹೆಗಲಿಗೆ ಹಾಕ್ಕೊಂಡು ಬಸ್ ಹತ್ತಬ್ಯಾಡ್ರಿ. ಅಪ್ಪಾರ ಲೈಸೆನ್ಸ್ ಬುಕ್, ಮರಣ ದಾಖಲೆ, ವಾರಸಾ ಪತ್ರ ಕೂಡ ಇರ್ಲಿ. ಜಮಾ ಮಾಡಿದ್ರ ಮಾಲಕಿ ಹೋಗೂದಿಲ್ಲ. ವಾರಸದಾರರು ಅಲ್ಲಿಂದನ ಲೈಸೆನ್ಸ್ ಇದ್ದವರಿಗೆ ಮಾರಬಹುದು, ರೊಕ್ಕ ನಿಮ್ಮದ. ಆದ್ರ ಅದಕ್ಕ ಅವಧಿ ಐತಿ, ಅದು ಮೀರಿದ್ರ ಸರ್ಕಾರಕ್ಕ ಮುಟ್ಟುಗೋಲು. ಹಿಂಗಾಗಿ ಒಂದು ಕಡೆ ಜಮಾ ಮಾಡಿ ಮರೆಯೂದು ಬ್ಯಾಡ.

ರಸೀದಿ ತಗೋವಾಗ ನಂಬರ್ ನೀವ ಕಣ್ಣಿಲೆ ನೋಡ್ರಿ. ಡಬಲ್ ಬ್ಯಾರಲ್‌ದಾಗ ನಳಿಗಿ ಕೆಳಗಿನ ಕಟ್ಟಿಗಿ ಮೊದಲ ಬಿಚ್ಚತೈತಿ, ಆಮ್ಯಾಲ ನಳಿಗಿ ಕಳಚಿ ಬರ್ತೈತಿ. ಅದನ್ನ ಮಗಚಿ ಹಿಡದ್ರ ತೋಟಾ (ಕಾಡತೂಸ್) ಕೂಡ್ರೂ ಜಾಗಾದ ಕೆಳಗ, ಚಪ್ಪಟಿ ಇರೂ ಕಡೆ ನಂಬರ್ ಹೊಡದಿರ್ತಾರ. ಬಾಡಿ ಮ್ಯಾಲೂ ಇರ್ತೈತಿ. ಎಣ್ಣಿ ಜಿಡ್ಡು ಕೂತು 3 ಹೋಗಿ 8 ಕಂಡಂಗ ಆಗತೈತಿ, ಗುಮಾಸ್ತ ಹಂಗ ಬರಕೊಂಡಿರ್ತಾನ. ಅರಿವಿಯಿಂದ ಒರಸಿ, ಬ್ಯಾಟರಿ ಹಾಕಿ, ಲೈಸೆನ್ಸ್ ಬುಕ್ ಬಾಜೂಕ ಇಟ್ಟು ಒಂದೊಂದ ಅಂಕಿ ಓದಸ್ರಿ. ಇದೊಂದು ತಪ್ಪಿತಂದ್ರ ಶಿರಸ್ಯಾಗ ಅವರ ಬುಕ್ಕಿನ್ಯಾಗ ಏರಿಸೂದಿಲ್ಲ, ನಿಮ್ಮಪ್ಪಾರ ಹೆಸರಿನಿಂದ ಇಳಿಸೂದೂ ಇಲ್ಲ. ಬಿಚ್ಚೂದು ಠಾಣೆಯವರು ಇಲ್ಲಾ ಡೀಲರ್ ಮಾಡ್ಲಿ, ನೀವು ಮುಟ್ಟಬ್ಯಾಡ್ರಿ. ಒಳಗ ತೋಟಾ ಇದ್ದೀತು.

ಇನ್ನ ಶಿರಸಿಯವರ ಕಡೆಯಿಂದ. ಲೈಸೆನ್ಸ್ ಐತಿ ಅಂದ್ರ ಸಾಕಾಗೂದಿಲ್ಲ. ಯುಐಎನ್, ಅಂದ್ರ ಲೈಸೆನ್ಸ್ ಇದ್ದವರಿಗೆ ಸರ್ಕಾರ ಕೊಡೂ ಗುರುತಿನ ನಂಬರ್, ಐತೇನು? ಈಗ ಒಬ್ಬರಿಗೆ ಎರಡ ಬಂದೂಕು, ಅವರ ಹಂತ್ಯಾಕ ಈಗಾಗಲೇ ಎಷ್ಟದಾವು? ಈ ಬಂದೂಕು ತಗೊಳಾಕ ಉತ್ತರ ಕನ್ನಡ ಡಿಸಿ ಆಫೀಸಿನ ಮಂಜೂರಾತಿ ಐತೇನು? ಅವರ ಬುಕ್ಕಿನ್ಯಾಗ ಯಾವ ಪ್ರದೇಶಕ್ಕ ಸಿಂಧು ಅಂತ ಬರದಾರ? ಆ ಜಿಲ್ಲಾಕ್ಕಷ್ಟ ಇದ್ರ ಬಾಗಲಕೋಟಿಯಿಂದ ಒಯ್ಯಾಕ ಬ್ಯಾರೆ ಪರವಾನಗಿ ಬೇಕು. ಇವಿಷ್ಟೂ ಆಗಿ, ಅವರ ಸ್ವತಃ ಬಂದು, ಬುಕ್ಕಿನ್ಯಾಗ ಏರಿಸ್ಕೊಂಡು ಒಯ್ಯೂದು ಎಲ್ಲಾದಕಿಂತ ಛಲೋ. ಬರಾಕ ಆಗೂದಿಲ್ಲ ಅಂದ್ರ ಇಲ್ಲಿ ಡೀಲರ್‌ನಿಂದ ಅಲ್ಲಿ ಡೀಲರ್‌ಗೆ ಸಾಗಾಣಿಕಿ ಲೈಸೆನ್ಸ್ ಮ್ಯಾಲೆ ಹೋಗ್ಲಿ. ಅದು ಡೀಲರ್ ಮಾಡೂ ಕೆಲಸ, ನಿಮ್ಮದಲ್ಲ.

ನಿಮ್ಮಪ್ಪಾರು ಇದ್ದು ತಾವ ಮಾರೂದಿದ್ರ ತಗೊಳ್ಳವರ ಹೆಸರು, ವಿಳಾಸ ಬರದು ಡಿಸಿಗೆ ಇಲ್ಲಾ ಠಾಣೆಗೆ ಕೊಟ್ಟು, 45 ದಿನ ಕಾಯಬೇಕಿತ್ತು. ವಯಸ್ಸಾದವರು ಇದನ್ನ ಓದಾಕತ್ತಿದ್ರ ಕೇಳ್ರಿ: 70 ವರ್ಷ ತುಂಬಿದವರು, ಇಲ್ಲಾ ಬಂದೂಕು 25 ವರ್ಷ ಇಟ್ಕೊಂಡವರು ಜೀವ ಇದ್ದಾಗನ ವಾರಸದಾರರ ಹೆಸರಿಗೆ ಲೈಸೆನ್ಸ್ ಕೇಳಾಕ 2016ರ ನಿಯಮದಾಗ ಅವಕಾಶ ಐತಿ. ಮಕ್ಕಳಿಗೆ ಈ ಓಡಾಟ ತಪ್ಪಸ್ರಿ.

ಇಳಕಲ್_ಟು_ಡಲ್ಲಾಸ್:

ನಿಮ್ಮ ಕಾಕಾನ ಮಗ ಅರ್ಧಾ ಹೇಳ್ಯಾನ ಅಕ್ಕಾ. ಇಲ್ಲೂ ಒಂದು ರಾಜ್ಯದಿಂದ ಇನ್ನೊಂದು ರಾಜ್ಯದವರಿಗೆ ಖಾಸಗಿಯವರು ಸೀದಾ ಮಾರೂಹಂಗಿಲ್ಲ, 1968ರ ಗನ್ ಕಂಟ್ರೋಲ್ ಆ್ಯಕ್ಟ್ ಐತಿ. ಬಂದೂಕು ಹೋಗೂದು ತಗೊಳ್ಳವರ ಊರಿನ ಲೈಸೆನ್ಸ್‌ದಾರ ಡೀಲರ್ ಅಂಗಡಿಗೆ. ಅವರು ಅಲ್ಲಿ ಹೋಗಿ 4473 ಅನ್ನೋ ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಆದ ಮ್ಯಾಲೆ ಕೈಗೆ ಸಿಗೂದು. ಯುಪಿಎಸ್, ಫೆಡೆಕ್ಸ್ ಈಗ ಲೈಸೆನ್ಸ್ ಇದ್ದವರಿಂದಷ್ಟ ತಗೋತಾವ, ಹಿಂಗಾಗಿ ಮಂದಿ ಕಳಿಸೂದನ್ನೂ ಡೀಲರ್‌ಗೇ ಒಪ್ಪಸ್ತಾರ. ಅಂಚೆ ಮೂಲಕ ರೈಫಲ್ಲು, ಶಾಟ್‌ಗನ್ನು ಡೀಲರ್ ವಿಳಾಸಕ್ಕ ಹಾಕಬಹುದು. ಪಿಸ್ತೂಲು ಅಂಚೆಗೆ ಹಾಕಬಾರದಂತ 1927ರಾಗನ ಕಾಯ್ದೆ ಮಾಡಿದ್ರು. ನನ್ನಂಗ ಎಚ್-1ಬಿ ನೌಕರಿ ವೀಸಾ ಮ್ಯಾಲಿದ್ದವರಿಗೆ ಬ್ಯಾಟಿ ಲೈಸೆನ್ಸ್‌ನಂಥ ವಿನಾಯಿತಿ ಇರ್ಲಿಲ್ಲಂದ್ರ ಬಂದೂಕು ಇಟ್ಕೊಳ್ಳಾಕೂ ಬರೂದಿಲ್ಲ, ಅದನ್ನ ನಿಮ್ಮ ಕಾಕಾನ ಮಗಗ ಹೇಳ್ರಿ.

ಕೃಷ್ಣಾತೀರ_ಜಮಖಂಡಿ:

ಕಾಕಾರ, ಭಾಳ ಉಪಕಾರ ಆತು. ಠಾಣೆಗೆ ಫೋನ್ ಹಚ್ಚೇನಿ, ಬರ್ತೀವಿ ಅಂದಾರ. ಶಿರಸಿಯವರಿಗೂ ನೀವ ಬರಬೇಕು ಅಂತ ಹೇಳೇನಿ. ಇನ್ನೊಂದು ಕೇಳೂದಿತ್ತು. ಟ್ರಂಕಿನ ಬಾಜೂಕ ಬಿಸ್ಕೀಟ್ ಡಬ್ಬ್ಯಾಗ ಹಳೇ ಕಾಡತೂಸ್ ಅದಾವು, ಹಿತ್ತಾಳಿ ಹಸರಾಗೇತಿ. ಇವನ್ನ ಬಾವ್ಯಾಗ ಒಗದ್ರ ನಡೀತೈತೇನ್ರಿ?

ಹನ್ನೆರಡುಬೋರ್_ಬೆಳಗಾವಿ:

ಬ್ಯಾಡ ತಂಗಿ. ಬಾವಿಗೂ ಬ್ಯಾಡ, ಒಲಿಗೂ ಬ್ಯಾಡ, ಪಾರ್ಸೆಲ್‌ಗಂತೂ ಬ್ಯಾಡ. ಅದರಾಗ ಮದ್ದು ಐತಿ. ಡಬ್ಬಿ ಹಂಗ ಇರ್ಲಿ, ಬಿಸಲಿನಾಗ ಇಡಬ್ಯಾಡ್ರಿ. ಠಾಣೆಯವರು ಬಂದಾಗ ಬಂದೂಕಿನ ಕೂಡ ಅವನ್ನೂ ಎಣಿಸಿ ಒಪ್ಪಿಸ್ರಿ. ರಸೀದಿಯೊಳಗ ಬಂದೂಕಿನ ನಂಬರ್ ಕೆಳಗ ಕಾಡತೂಸ್ ಎಷ್ಟು ಅಂತ ಬ್ಯಾರೆ ಸಾಲಿನ್ಯಾಗ ಬರಸ್ಕೊಳ್ರಿ. ಆ ರಸೀದಿಯ ಝೆರಾಕ್ಸ್ ತಗದು ತಮ್ಮಗೂ ಒಂದು ಕಳಸ್ರಿ.