ಮಗನ ಸಪೋರ್ಟ್ ಸೇವೆಗೆ ಪ್ಲಾನ್‌ನವರು ಮನೆಗೆ ಬರುತ್ತಿದ್ದಾರೆ, ಅನುಭವ ಇದ್ದವರು ಹೇಳಿ

ಕೇಳಿದವರು, ನ್ಯಾಶ್‌ವಿಲ್ ಹತ್ತಿರದಿಂದ

ನಮಸ್ಕಾರ. ನಮ್ಮ ಮಗನಿಗೆ 21 ವರ್ಷ. ಇಲ್ಲೇ ಹುಟ್ಟಿದವನು. ಆಟಿಸಂ ಇದೆ, ಬುದ್ಧಿ ಬೆಳವಣಿಗೆಯೂ ನಿಧಾನ. ಮಾತು ಕಡಿಮೆ. ಸ್ಕೂಲು ಇನ್ನು ಕೆಲವೇ ತಿಂಗಳು. ಟೆನೆಸ್ಸಿಯ ಇಸಿಎಫ್ ಚಾಯ್ಸಸ್‌ನಲ್ಲಿ, ಅಂದರೆ ಇಂಥ ಮಕ್ಕಳಿಗೆ, ದೊಡ್ಡವರಿಗೆ ಮನೆಯಲ್ಲಿ, ಕೆಲಸದಲ್ಲಿ ಸಹಾಯ ಕೊಡುವ ರಾಜ್ಯದ ಯೋಜನೆಯಲ್ಲಿ, ಜಾಗ ಸಿಕ್ಕಿದೆ ಅಂತ ಪತ್ರ ಬಂದಿದೆ. ಮುಂದಿನ ವಾರ ಇನ್ಶೂರೆನ್ಸ್ ಪ್ಲಾನ್ ಕಡೆಯಿಂದ ಸಪೋರ್ಟ್ ಕೋಆರ್ಡಿನೇಟರ್ ಮನೆಗೆ ಬರುತ್ತಾರಂತೆ. ಸೇವೆ ಕೊಡುವ ಏಜೆನ್ಸಿಗಳಿಗೆ ಫಲ ನೋಡಿ ಹಣ ಕೊಡುತ್ತಾರೆ ಅಂತ ಯಾರೋ ಹೇಳಿದರು. ಫಲ ಬರದಿದ್ದರೆ ಇವನನ್ನು ಕೈಬಿಡುತ್ತಾರಾ? ಏನು ಕೇಳಬೇಕು, ಹೇಗೆ ಮಾತಾಡಬೇಕು? ನಿದ್ದೆ ಬರುತ್ತಿಲ್ಲ.

ಮೆಂಫಿಸ್ ಕಡೆಯ ಒಬ್ಬ ಅಮ್ಮ

ಮೊದಲು ಸಮಾಧಾನ ಮಾಡಿಕೊಳ್ಳಿ. ಜಾಗ ಸಿಕ್ಕಿದ್ದೇ ದೊಡ್ಡದು. ಹೆಸರು ಕೊಟ್ಟು ಕಾಯುತ್ತಾ ಕೂತ ಎಷ್ಟು ಮನೆಗಳನ್ನು ನೋಡಿದ್ದೇನೆ. ನನ್ನ ಮಗನಿಗೆ ಈಗ 27. ಆರು ವರ್ಷದಿಂದ ಇದರಲ್ಲಿದ್ದಾನೆ.

ಹಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿದುಕೊಳ್ಳಿ, ಅರ್ಧ ಗೊಂದಲ ಹೋಗುತ್ತದೆ. ಟೆನ್‌ಕೇರ್ ಅಂದರೆ ನಮ್ಮ ರಾಜ್ಯದ ಮೆಡಿಕೈಡ್, ಕಡಿಮೆ ಆದಾಯದವರಿಗೆ, ಅಂಗವಿಕಲರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ. ಇಸಿಎಫ್ ಚಾಯ್ಸಸ್ ಅದರದೇ ಭಾಗ. 1994ರಿಂದಲೂ ಅದು ಇನ್ಶೂರೆನ್ಸ್ ಪ್ಲಾನ್‌ಗಳ ಕೈಯಲ್ಲೇ ನಡೆಯುತ್ತಿದೆ. ಇಸಿಎಫ್ ಚಾಯ್ಸಸ್ ಶುರುವಾಗಿದ್ದು 2016ರ ಜುಲೈನಲ್ಲಿ. ರಾಜ್ಯ ಪ್ಲಾನ್‌ಗೆ ತಿಂಗಳಿಗೆ ತಲೆಗೆ ಇಷ್ಟು ಅಂತ ಕೊಡುತ್ತದೆ. ಆಸ್ಪತ್ರೆ, ಡಾಕ್ಟರು, ಕೆಲಸದ ಜಾಗದಲ್ಲಿ ಜೊತೆಗಿದ್ದು ಕಲಿಸುವ ಕೋಚ್, ಸಹಾಯಕರು ಎಲ್ಲ ಅದರಲ್ಲೇ ಆಗಬೇಕು. ಮದುವೆ ಅಡುಗೆಯವರಿಗೆ ಎಲೆಗೆ ಇಷ್ಟು ಅಂತ ಒಪ್ಪಿಸುತ್ತೇವಲ್ಲ, ಹಾಗೆ. ಮೆನು ಬರೆಸಿಕೊಳ್ಳದೆ ಬಿಟ್ಟರೆ ಹೋಳಿಗೆ ಎಲೆಗೆ ಬರುವುದಿಲ್ಲ. ಇಲ್ಲಿ ಮೆನು ಅಂದರೆ ಪಿಸಿಎಸ್‌ಪಿ, ಅಂದರೆ ನಿಮ್ಮ ಮಗನ ಸಪೋರ್ಟ್ ಪ್ಲಾನ್. ಅದರಲ್ಲಿ ಬರೆದಿದ್ದು ಮಾತ್ರ ಸಿಗುತ್ತದೆ. "ಆಮೇಲೆ ನೋಡೋಣ" ಅಂದರೆ ಒಪ್ಪಬೇಡಿ.

ಮನೆಗೆ ಬರುವ ಕೋಆರ್ಡಿನೇಟರ್ ಪ್ಲಾನ್‌ನ ನೌಕರರು. ನಾನು ನೋಡಿದವರೆಲ್ಲ ಒಳ್ಳೆಯವರೇ, ಒಬ್ಬರಂತೂ ರಾತ್ರಿ ಫೋನ್ ಮಾಡಿದರೂ ಎತ್ತುತ್ತಿದ್ದರು. ಆದರೆ ಅವರಿಗೆ ಸಂಬಳ ಯಾರು ಕೊಡುತ್ತಾರೆ ಅನ್ನುವುದು ನೆನಪಿರಲಿ.

ನನ್ನ ದೊಡ್ಡ ತಪ್ಪು ಆಗಿದ್ದು ಮೊದಲ ಭೇಟಿಯಲ್ಲೇ. ಮನೆ ಒರೆಸಿ, ಚಹಾ ಉಪ್ಪಿಟ್ಟು ಮಾಡಿ, ಮಗನಿಗೆ ಇಸ್ತ್ರಿ ಅಂಗಿ ಹಾಕಿ ಕೂರಿಸಿದ್ದೆ. ಅವರು ಒಂದೊಂದೇ ಕೇಳುತ್ತಾ ಹೋದರು. ಸ್ನಾನ ತಾನೇ ಮಾಡುತ್ತಾನಾ? "ಮಾಡುತ್ತಾನೆ." ಬಟ್ಟೆ? "ಹಾಕಿಕೊಳ್ಳುತ್ತಾನೆ." ರಾತ್ರಿ ಮಲಗುತ್ತಾನಾ? "ಏನೂ ತೊಂದರೆ ಇಲ್ಲ." ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ನನಗೇ ಅನ್ನಿಸಲಿಲ್ಲ. ಹೊರಗಿನವರ ಮುಂದೆ ಮಗನನ್ನು ಬಿಟ್ಟುಕೊಡಬಾರದು ಅಂತ ಬೆಳೆದವರು ನಾವು, ಅಲ್ವಾ? ಸ್ನಾನ ಮಾಡುತ್ತಾನೆ ನಿಜ. ನೀರಿನ ಬಿಸಿ ನೋಡುವುದು ನಾನು, ಸೋಪು ಕೈಗೆ ಕೊಡುವುದು ನಾನು, ಬೆನ್ನು ತಿಕ್ಕುವುದು ಅವರಪ್ಪ, ಹೊರಗೆ ಬಾ ಅಂತ ಹತ್ತು ಸಲ ಕರೆಯುವುದು ಅಜ್ಜಿ. ಅದೊಂದೂ ಕಾಗದದ ಮೇಲೆ ಬರಲಿಲ್ಲ. ಅವನ ಅಗತ್ಯದ ಮಟ್ಟ ಕಡಿಮೆ ಅಂತ ಬರೆದುಕೊಂಡರು. ವರ್ಷದ ಹಣದ ಮಿತಿ ಆ ಮಟ್ಟದ ಮೇಲೇ ನಿಂತಿತ್ತು. ಸರಿ ಮಾಡಿಸಲು ನನಗೆ ಒಂದು ವರ್ಷ ಹಿಡಿಯಿತು.

ಅದಕ್ಕೇ ಈಗಲೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಭೇಟಿಗೆ ಮೊದಲು ಏಳು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಬರೆಯಿರಿ. ಯಾವುದಕ್ಕೆ ಯಾರು ಕೈಹಾಕಿದರು, ಎಷ್ಟು ಹೊತ್ತು, ಎಷ್ಟು ಸಲ ಹೇಳಬೇಕಾಯಿತು. ನೀವು ಯಾರೂ ಇಲ್ಲದಿದ್ದರೆ ಏನಾಗುತ್ತಿತ್ತು ಅಂತಲೂ ಬರೆಯಿರಿ. ಹಗಲು ಅಜ್ಜಿ ನೋಡಿಕೊಳ್ಳುವುದಾದರೆ ಅವರ ಮಾತನ್ನೂ ಕೇಳಲಿ. ಇಂಗ್ಲಿಷ್ ಬರದಿದ್ದರೆ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಮೊದಲೇ ತಿಳಿಸಿ. ಅದಕ್ಕೆ ನಿಮ್ಮಿಂದ ದುಡ್ಡು ಕೇಳುವಂತಿಲ್ಲ.

ಇನ್ನು ಕೋಚ್ ವಿಷಯ. ಮಗ ಒಂದು ದಿನಸಿ ಅಂಗಡಿಯಲ್ಲಿ ಮೊಸರು, ಹಾಲಿನ ಶೆಲ್ಫ್ ಜೋಡಿಸುತ್ತಾನೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂರು ಗಂಟೆ. ಮೊದಲ ತಿಂಗಳು ಕೋಚ್ ಅವನ ಭುಜದ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಆಮೇಲೆ ಬ್ರೆಡ್ ಇಡುವ ಸಾಲಿನ ತುದಿಗೆ ಹೋದಳು. ಆಮೇಲೆ ಬಾಗಿಲ ಹತ್ತಿರ. ಒಂದು ದಿನ ಅವಳು ಪಾರ್ಕಿಂಗ್‌ನಲ್ಲಿ ಕಾರಲ್ಲೇ ಕೂತಿದ್ದಳು, ಅವನು ಪೂರ್ತಿ ಪಾಳಿ ಒಬ್ಬನೇ ಮುಗಿಸಿದ. ಅವತ್ತು ನಾನು ಪಾಯಸ ಮಾಡಿದೆ.

ಆರು ತಿಂಗಳಾದ ಮೇಲೆ ಮ್ಯಾನೇಜರ್ ಬದಲಾದರು. ಶೆಲ್ಫ್‌ಗಳ ಜಾಗ ಬದಲಾಯಿತು. ಅಷ್ಟು ಹೊತ್ತಿಗೆ ಕೋಚ್ ಗಂಟೆ ಬಹಳ ಇಳಿದಿತ್ತು. ಅಂಗಡಿಯಿಂದ ಫೋನ್ ಬಂತು. ಹೋಗಿ ನೋಡಿದರೆ ಎರಡೂ ಕೈಯಲ್ಲಿ ಮೊಸರಿನ ಡಬ್ಬ ಹಿಡಿದು ನೆಲದ ಮೇಲೆ ಕೂತಿದ್ದ. ಎಲ್ಲಿಡಬೇಕು ಗೊತ್ತಾಗಿಲ್ಲ. ಯಾರನ್ನು ಕೇಳಬೇಕು ಅಂತಲೂ ಗೊತ್ತಾಗಿಲ್ಲ. ಡಬ್ಬ ಬೆಚ್ಚಗಾಗಿಬಿಟ್ಟಿತ್ತು.

ಕೋಚ್ ಗಂಟೆ ವಾಪಸ್ ಬೇಕು ಅಂದೆ, ಆಗುವುದಿಲ್ಲ ಅಂತ ಪತ್ರ ಬಂತು. ಅಪೀಲ್ ಹಾಕಿದೆ. ನೋಟ್‌ಬುಕ್ ಕಾಪಿ ಕಳಿಸಿದೆ. ಎಂಟು ವಾರಕ್ಕೆ ಕೋಚ್ ಮರಳಿ ಬಂದಳು. ಈಗ ಅವನ ಪಿಸಿಎಸ್‌ಪಿಯಲ್ಲಿ ಒಂದು ಸಾಲು ಸೇರಿಸಿದ್ದೇವೆ: ಮ್ಯಾನೇಜರ್, ಪಾಳಿ, ಕೆಲಸದ ಜಾಗ ಇವುಗಳಲ್ಲಿ ಯಾವುದು ಬದಲಾದರೂ ಕೋಚ್ ಮತ್ತೆ ಪಕ್ಕದಲ್ಲಿರಬೇಕು. ಈ ಸಾಲನ್ನು ನೀವು ಮೊದಲೇ ಬರೆಸಿಕೊಳ್ಳಿ.

ಅಪೀಲ್‌ಗೆ 60 ದಿನ ಇರುತ್ತದೆ. ಆದರೆ ಈಗಾಗಲೇ ಬರುತ್ತಿರುವ ಸೇವೆಯನ್ನು ಕಡಿಮೆ ಮಾಡುತ್ತೇವೆ ಅಂತ ಪತ್ರ ಬಂದರೆ, ಅಪೀಲ್ ಮುಗಿಯುವವರೆಗೆ ಸೇವೆ ನಿಲ್ಲಬಾರದು ಅಂದರೆ ಅದಕ್ಕಿಂತ ಬೇಗ ಹಾಕಬೇಕು. ಆ ಕೊನೆ ದಿನ ಪತ್ರದಲ್ಲೇ ಇರುತ್ತದೆ. ಪತ್ರ ಬಂದ ದಿನವೇ ಒಡೆದು ಓದಿ, ಲಕೋಟೆಯನ್ನೂ ಎತ್ತಿಡಿ.

ನಾಕ್ಸ್‌ವಿಲ್‌ನಿಂದ, ಏಜೆನ್ಸಿಯಲ್ಲಿ ಕೆಲಸ ಮಾಡುವವರು

ಮೇಲೆ ಅಕ್ಕ ಹೇಳಿದ ನೋಟ್‌ಬುಕ್ ಮಾತಿಗೆ ನನ್ನದೂ ಒಪ್ಪಿಗೆ. ನಾನು ಜಾಬ್ ಕೋಚ್‌ಗಳ ಮೇಲ್ವಿಚಾರಣೆ ಮಾಡುತ್ತೇನೆ, ಹಾಗಾಗಿ ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಎಲ್ಲ ಸೇವೆಗೂ ಫಲ ನೋಡಿ ಹಣ ಕೊಡುವುದಿಲ್ಲ. ಮನೆಯಲ್ಲಿ ಸಹಾಯ, ಮನೆಯವರಿಗೆ ಬಿಡುವು ಕೊಡುವ ರೆಸ್ಪಿಟ್, ಇವುಗಳಿಗೆ ಕೊಟ್ಟ ಹೊತ್ತಿನ ಲೆಕ್ಕವೇ. ಫಲದ ಲೆಕ್ಕ ಬರುವುದು ಮುಖ್ಯವಾಗಿ ಉದ್ಯೋಗದ ಸೇವೆಗಳಲ್ಲಿ. ಯಾವ ಕೆಲಸ ಇಷ್ಟ, ಯಾವುದು ಒಗ್ಗುತ್ತದೆ ಅಂತ ಹುಡುಗನ ಜೊತೆ ಓಡಾಡಿ ನೋಡುತ್ತೇವೆ. ಅದರ ವರದಿ ಕೊಟ್ಟ ಮೇಲೇ ನಮಗೆ ಹಣ. ಕೆಲಸ ಹುಡುಕಿದ್ದಕ್ಕೆ ಕೂಡ ಕೆಲಸ ಸಿಕ್ಕಿದ ಮೇಲೇ. ಕೋಚಿಂಗ್‌ನಲ್ಲಿ ಮಾತ್ರ ಬೇರೆ ಲೆಕ್ಕ ಇದೆ. ಅವನು ದುಡಿದ ಗಂಟೆಗಳಲ್ಲಿ ಕೋಚ್ ಎಷ್ಟು ಪಾಲು ಜೊತೆಗಿದ್ದರು ಅಂತ ನೋಡುತ್ತಾರೆ. ಆ ಪಾಲು ಇಳಿದಷ್ಟೂ ನಮಗೆ ಗಂಟೆಯ ದರ ಏರುತ್ತದೆ. ಅವನ ಅಗತ್ಯದ ಮಟ್ಟ, ಆ ಕೆಲಸದಲ್ಲಿ ಎಷ್ಟು ದಿನದಿಂದ ಇದ್ದಾನೆ, ಇವೂ ಲೆಕ್ಕಕ್ಕೆ ಬರುತ್ತವೆ.

ಇದನ್ನು ಕೇಳಿದರೆ ಬೇಗ ಬಿಟ್ಟು ಓಡುವುದಕ್ಕೆ ಲಂಚ ಕೊಟ್ಟ ಹಾಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬರೀ ಗಂಟೆ ಲೆಕ್ಕವಿದ್ದರೆ ಕೋಚ್ ಪಕ್ಕದಲ್ಲೇ ನಿಂತಷ್ಟೂ ಏಜೆನ್ಸಿಗೆ ಲಾಭ. ತಾನೇ ಮಾಡಬಲ್ಲ ಹುಡುಗನ ಕೈ ಹಿಡಿದು ಹಿಡಿದು ಅವನು ಕಲಿಯುವುದೇ ನಿಂತುಹೋಗುತ್ತದೆ. ಅಕ್ಕ, ನಿಮ್ಮ ಹುಡುಗ ಒಬ್ಬನೇ ಪಾಳಿ ಮುಗಿಸಿದ ದಿನ ಬಂತಲ್ಲ, ಈ ಲೆಕ್ಕ ಇರುವುದೇ ಅದಕ್ಕೆ.

ಕೆಡುವುದು ಎಲ್ಲಿ ಅಂದರೆ, ಅಗತ್ಯದ ಮಟ್ಟ ತಪ್ಪಾಗಿ ಬರೆದಾಗ. ಕಷ್ಟ ಜಾಸ್ತಿ ಇರುವವರಿಗೆ ಈ ರಾಜ್ಯ ದರವನ್ನೂ ಜಾಸ್ತಿ ಇಟ್ಟಿದೆ, ಸುಲಭದವರನ್ನೇ ಆರಿಸಿಕೊಳ್ಳಬಾರದು ಅಂತ. ಮನೆಯವರು ಕಷ್ಟ ಮುಚ್ಚಿಟ್ಟರೆ ಕಾಗದದಲ್ಲಿ ಅವನು ಸುಲಭದವನು, ಎದುರಿಗೆ ಬಂದರೆ ಅಲ್ಲ. ಆಗ ಏಜೆನ್ಸಿಗೆ ಕೈಯಿಂದ ಹೋಗುತ್ತದೆ, ಹುಡುಗನೂ ಸೋಲುತ್ತಾನೆ.

ಏಜೆನ್ಸಿ ಆರಿಸುವಾಗ ಇಷ್ಟು ಕೇಳಿ. ನಿಮ್ಮಲ್ಲಿ ಮಾತು ಕಡಿಮೆ ಇರುವವರು ಎಷ್ಟು ಜನ ಕೆಲಸದಲ್ಲಿದ್ದಾರೆ? ಒಂದು ವರ್ಷದ ಮೇಲೂ ಅದೇ ಕೆಲಸದಲ್ಲಿ ಉಳಿದವರು ಎಷ್ಟು? ಕೋಚ್ ಕೆಲಸ ಬಿಟ್ಟರೆ ಎಷ್ಟು ದಿನಕ್ಕೆ ಇನ್ನೊಬ್ಬರನ್ನು ಕೊಡುತ್ತೀರಿ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆಯವರನ್ನು ನೋಡಿ. ಈ ಕೆಲಸದಲ್ಲಿ ಜನ ನಿಲ್ಲುವುದಿಲ್ಲ, ಸಂಬಳ ಕಡಿಮೆ. ನಮ್ಮಲ್ಲೂ ಅದೇ ಕಥೆ, ಅದು ನನಗೆ ದಿನಾ ನೋವು ಕೊಡುವ ವಿಷಯ.

ಅಟ್ಲಾಂಟಾದಿಂದ ಒಬ್ಬ ಅಪ್ಪ

ನಮ್ಮದು ಬೇರೆ ರಾಜ್ಯ, ಆದರೆ ಈ ವಿಷಯ ಎಲ್ಲ ಕಡೆ ಒಂದೇ. ಮಗನಿಗೆ ಎಸ್‌ಎಸ್‌ಐ, ಅಂದರೆ ಕಡಿಮೆ ಆದಾಯದ ಅಂಗವಿಕಲರಿಗೆ ಕೇಂದ್ರ ಸರ್ಕಾರ ತಿಂಗಳಿಗೆ ಕೊಡುವ ಹಣ, ಬರುತ್ತಿದ್ದರೆ ಅವನ ಹೆಸರಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಇರಬಾರದು. ಊರಲ್ಲಿ ಅಜ್ಜ ಮೊಮ್ಮಗನ ಹೆಸರಲ್ಲಿ ಎಫ್‌ಡಿ ಇಟ್ಟಿದ್ದಾರಾ ಕೇಳಿ ನೋಡಿ. ನಮ್ಮ ಮಾವ ಪ್ರೀತಿಯಿಂದ ಶಿವಮೊಗ್ಗದಲ್ಲಿ ಇಟ್ಟಿದ್ದರು, ನಮಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಬಿಡಿಸಿಕೊಳ್ಳುವಷ್ಟರಲ್ಲಿ ಸಾಕಾಯಿತು. ಮನೆಯವರು ಕೊಡುವುದಿದ್ದರೆ ಏಬಲ್ ಅಕೌಂಟ್‌ಗೆ, ಅಂದರೆ ಅಂಗವಿಕಲರಿಗಾಗಿಯೇ ಇರುವ ಉಳಿತಾಯ ಖಾತೆಗೆ, ಹಾಕಲಿ. ಅದರಲ್ಲಿ 1,00,000 ಡಾಲರ್‌ವರೆಗೆ ಎಸ್‌ಎಸ್‌ಐ ಲೆಕ್ಕಕ್ಕೆ ಬರುವುದಿಲ್ಲ.

ಕೆಲಸಕ್ಕೆ ಸೇರಿದರೆ ಎಸ್‌ಎಸ್‌ಐ ಪೂರ್ತಿ ಹೋಗುತ್ತದೆ ಅಂತ ಹೆದರಬೇಡಿ. ಬೇರೆ ಆದಾಯ ಇಲ್ಲದಿದ್ದರೆ ತಿಂಗಳ ದುಡಿಮೆಯಲ್ಲಿ ಮೊದಲ 85 ಡಾಲರ್ ಬಿಡುತ್ತಾರೆ. ಉಳಿದಿದ್ದರಲ್ಲಿ ಅರ್ಧ ಕಳೆಯುತ್ತಾರೆ. 485 ದುಡಿದರೆ 200 ಕಡಿಮೆ ಆಗುತ್ತದೆ, ಅಷ್ಟೇ. ಸಂಬಳದ ಚೀಟಿ ಮಾತ್ರ ಪ್ರತಿ ತಿಂಗಳು ತಪ್ಪದೆ ಕಳಿಸಿ.

ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ಧನ್ಯವಾದ. ನಿನ್ನೆ ಕೋಆರ್ಡಿನೇಟರ್ ಬಂದಿದ್ದರು. ಏಳು ದಿನ ಬರೆದಿದ್ದೆ, 31 ಪುಟ ಆಗಿತ್ತು. ರಾತ್ರಿ ಹೇಗೆ ಅಂತ ಕೇಳಿದಾಗ ನಮ್ಮವರು "ಚೆನ್ನಾಗಿ ಮಲಗುತ್ತಾನೆ" ಅಂತ ಶುರು ಮಾಡಿದರು. ನಾನು ನೋಟ್‌ಬುಕ್ ತೆಗೆದು ಓದಿದೆ. ಮಂಗಳವಾರ ಎರಡು ಗಂಟೆಗೆ ಎದ್ದ, ಸ್ಟೋವ್ ಹಚ್ಚಿದ, ಅತ್ತೆ ಎದ್ದು ಆರಿಸಿದರು. ಗುರುವಾರ ಮತ್ತೆ. ಅತ್ತೆ ಫೋನಿನಲ್ಲಿದ್ದ ಇಂಟರ್‌ಪ್ರಿಟರ್‌ಗೆ ತಾವೇ ಹೇಳಿದರು, ನಾನು ಅಡುಗೆಮನೆ ಬಾಗಿಲಲ್ಲಿ ಚಾಪೆ ಹಾಕಿ ಮಲಗುತ್ತೇನೆ ಅಂತ. ಅದು ನಮ್ಮವರಿಗೆ ಗೊತ್ತಿರಲಿಲ್ಲ. ಸುಮ್ನೆ ಕೂತುಬಿಟ್ಟರು. ಕೋಆರ್ಡಿನೇಟರ್ ಪೆನ್ ಕೆಳಗಿಟ್ಟು, ಇನ್ನೊಂದು ಸಲ ನಿಧಾನವಾಗಿ ಹೇಳಿ, ಎಲ್ಲ ಬರೆದುಕೊಳ್ಳುತ್ತೇನೆ ಅಂದರು.

ಮ್ಯಾನೇಜರ್ ಬದಲಾದರೆ ಕೋಚ್ ವಾಪಸ್ ಬರಬೇಕು ಅನ್ನುವ ಸಾಲನ್ನೂ ಸೇರಿಸಿದ್ದಾರೆ. ಪ್ಲಾನ್ ಕಾಪಿ ಕೈಗೆ ಬಂದ ಮೇಲೆ ಮತ್ತೆ ಬರೆಯುತ್ತೇನೆ.