ಮೂರು ಓವರ್‌ಹೆಡ್ ಟ್ಯಾಂಕ್, ನಡುವೆ ಅಡಿಕೆ ತೋಟ: ನೀರಿನ ಮಟ್ಟ ತಿಳಿಯಲು ಲೋರಾ ಸಾಕೇ?

ತುಂಗೆಯ_ದಡ:
ತೀರ್ಥಹಳ್ಳಿ ಕಡೆಯ ಒಂದು ಗ್ರಾಮ ಪಂಚಾಯಿತಿ. ತಲಾ 50,000 ಲೀಟರಿನ ಮೂರು ಆರ್‌ಸಿಸಿ ಟ್ಯಾಂಕ್, ಒಳವ್ಯಾಸ 4.6 ಮೀಟರ್, ನೀರಿನ ಆಳ 3 ಮೀಟರ್. ಪಂಚಾಯಿತಿ ಕಚೇರಿಯಿಂದ ಮೊದಲನೆಯದು 1.2 ಕಿ.ಮೀ., ನಡುವೆ ಬರೀ ಗದ್ದೆ. ಎರಡನೆಯದು 2.8 ಕಿ.ಮೀ., ಮಧ್ಯೆ ಪೂರ್ತಿ ಅಡಿಕೆ ತೋಟ. ಮೂರನೆಯದು 4.5 ಕಿ.ಮೀ., ಗುಡ್ಡದ ಆಚೆ ಮಗ್ಗುಲಲ್ಲಿ. ಟ್ಯಾಂಕ್ ಹತ್ತಿರ ಕರೆಂಟ್ ಇಲ್ಲ. ಕಚೇರಿಯಲ್ಲಿ ಫೈಬರ್ ಇಂಟರ್ನೆಟ್ ಇದೆ. ಮೂರಕ್ಕೂ ಒಬ್ಬರೇ ನೀರಗಂಟಿ.

ಹತ್ತು ನಿಮಿಷಕ್ಕೊಮ್ಮೆ ಮಟ್ಟ ಅವರ ಮೊಬೈಲಿಗೆ ಬರಬೇಕು. ಯೋಚಿಸಿರುವುದು: ಇಎಸ್‌ಪಿ32 ಡೆವ್ ಬೋರ್ಡ್ (ಪುಟ್ಟ ಕಂಪ್ಯೂಟರ್ ಚಿಪ್ ಇರುವ ಬೋರ್ಡ್), ಎಸ್‌ಎಕ್ಸ್1276 ಲೋರಾ ಮಾಡ್ಯೂಲ್ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಪುಟ್ಟ ಸಂದೇಶ ಕಳಿಸುವ ರೇಡಿಯೊ), ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸೋನಿಕ್ ಸೆನ್ಸರ್. ಆ ಸಂದೇಶಗಳನ್ನು ಹಿಡಿಯುವ ಗೇಟ್‌ವೇ ಕಚೇರಿಯೊಳಗೆ, ತಾರಸಿ ಮೇಲಿನ 5 ಡಿಬಿಐ ಆಂಟೆನಾಕ್ಕೆ 10 ಮೀಟರ್ ಆರ್‌ಜಿ58 ಕೇಬಲ್. ಇದು ನಡೆಯುತ್ತದೆಯೇ? ಇದರಲ್ಲೇ ಮೋಟರ್ ಆಫ್ ಮಾಡಬಹುದೇ? ವಾಲ್ವ್‌ಗಳ ಜಾಗವನ್ನೂ ಮ್ಯಾಪಿಗೆ ಹಾಕಬೇಕೆಂದಿದೆ.

ತಂತಿ_ಇಲ್ಲದವ:
ರೇಡಿಯೊ ಮಟ್ಟಿಗೆ ಹೇಳುತ್ತೇನೆ. ಮೊದಲು ಆರ್ಡರ್ ಮಾಡುವ ಮಾಡ್ಯೂಲಿನ ಫ್ರೀಕ್ವೆನ್ಸಿ ನೋಡಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಲೋರಾ ಬಳಸುವುದು 865–868 ಮೆಗಾಹರ್ಟ್ಜ್‌ನಲ್ಲಿ. ಲೋರಾ ಪ್ರೋಗ್ರಾಂ ಲೈಬ್ರರಿಯಲ್ಲಿ ಭಾರತದ ಐಎನ್865 ಆಯ್ಕೆ ಮಾಡಬೇಕು. 433ರ ಮಾಡ್ಯೂಲ್ ಅಗ್ಗವಾಗಿ ಸಿಗುತ್ತದೆ, ತೆಗೆದುಕೊಳ್ಳಬೇಡಿ. ಮಾಡ್ಯೂಲ್ ಸರಿಯಿದ್ದೂ ಜೊತೆಗೆ 433ರ ಸ್ಪ್ರಿಂಗ್ ಆಂಟೆನಾ ಬಂದರೆ ಅರ್ಧ ಕಿ.ಮೀ.ಗೇ ಸಿಗ್ನಲ್ ಉಸಿರು ಕಟ್ಟುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ.

ಎರಡನೇ ಟ್ಯಾಂಕಿನ ಲೆಕ್ಕ. 2.8 ಕಿ.ಮೀ.ಗೆ ತೆರೆದ ಗಾಳಿಯಲ್ಲಿ ನಷ್ಟ ಸುಮಾರು 100 ಡಿಬಿ. 14 ಡಿಬಿಎಂ (ಸಿಗ್ನಲ್ ಬಲದ ಅಳತೆ) ಕಳಿಸಿ, ಟ್ಯಾಂಕಿನಲ್ಲಿ 2 ಡಿಬಿಐ, ಕಚೇರಿಯಲ್ಲಿ 5 ಡಿಬಿಐ ಸೇರಿಸಿ, ನಿಮ್ಮ ಆರ್‌ಜಿ58 ನುಂಗುವ 5 ಡಿಬಿ ಕಳೆದರೆ ಕೈಗೆ ಬರುವುದು −84 ಡಿಬಿಎಂ. ಎಸ್‌ಎಫ್ ಅಂದರೆ ಲೋರಾದ ಸ್ಪ್ರೆಡಿಂಗ್ ಫ್ಯಾಕ್ಟರ್; ಅದು ಹೆಚ್ಚಿದಷ್ಟೂ ದೂರ ಕೇಳಿಸುತ್ತದೆ, ಕಳಿಸುವುದು ಮಾತ್ರ ನಿಧಾನ. ಎಸ್‌ಎಫ್7ಗೆ −123ರವರೆಗೂ ಕೇಳಿಸುತ್ತದೆ. 39 ಡಿಬಿ ಉಳಿಕೆ, ಕಾಗದದ ಮೇಲೆ ಧಾರಾಳ. ಆದರೆ ಈ ದೂರಕ್ಕೆ ಮಧ್ಯಭಾಗದಲ್ಲಿ ಫ್ರೆನೆಲ್ ವಲಯದ (ನೇರ ಗೆರೆಯ ಸುತ್ತ ಸಿಗ್ನಲ್ ಹರಡಿ ಸಾಗುವ ಜಾಗ) ತ್ರಿಜ್ಯ 15.6 ಮೀಟರ್, ಅದರಲ್ಲಿ ಶೇ. 60, ಅಂದರೆ 9 ಮೀಟರಿನಷ್ಟಾದರೂ ಖಾಲಿ ಇರಬೇಕು. ಅಡಿಕೆ ಮರವೇ 15 ಮೀಟರ್ ದಾಟುತ್ತದೆ. ಅಲ್ಲಿಗೆ ಸಿಗ್ನಲ್ ಹೋಗುವುದು ಸೋಗೆಯ ನಡುವಿನಿಂದಲೇ. ನೆನೆದ ಸೋಗೆ ಒಣಗಿದ್ದಕ್ಕಿಂತ ಹೆಚ್ಚು ಹೀರುತ್ತದೆ. ಹಾಗಾಗಿ ಪರೀಕ್ಷೆಯನ್ನು ಮಾರ್ಚಿನಲ್ಲಿ ಮಾಡಿ ಖುಷಿಪಡಬೇಡಿ, ಜುಲೈನಲ್ಲಿ ಮಾಡಿ.

ಮಾಡಬೇಕಾದ್ದು ಎರಡು. ಆ ಉದ್ದದ ಆರ್‌ಜಿ58 ಕೇಬಲ್ ಕೈಬಿಡಿ. ಗೇಟ್‌ವೇಯನ್ನೇ ನೀರು ನುಗ್ಗದ ಡಬ್ಬಿಯಲ್ಲಿ ಕಂಬದ ತುದಿಗೆ ಏರಿಸಿ, ಕೆಳಗಿನಿಂದ ಪಿಒಇ (ಡೇಟಾ ಜೊತೆಗೇ ವಿದ್ಯುತ್ತನ್ನೂ ಒಯ್ಯುವ) ಈಥರ್ನೆಟ್ ಕೇಬಲ್ ಕೊಡಿ. ಟ್ಯಾಂಕಿನ ಆಂಟೆನಾ ಗೋಡೆಗೆ ಅಂಟಿಕೊಂಡಿರಬಾರದು. ಐವತ್ತು ಸಾವಿರ ಲೀಟರ್ ನೀರು ರೇಡಿಯೊಗೆ ಬಂಡೆ ಇದ್ದಂತೆ. ಮುಚ್ಚಳದ ಮೇಲೆ ಒಂದು ಮೀಟರ್ ಪೈಪಿಗೆ ಕಟ್ಟಿ, ಆದರೆ ಮಿಂಚುಬಂಧಕದ ತುದಿಗಿಂತ ಕೆಳಗೇ ಇರಲಿ.

ಗೇಟ್‌ವೇ 8 ಚಾನೆಲಿನದೇ ಆಗಬೇಕು. ಎಸ್‌ಎಕ್ಸ್1302 ಕಾನ್ಸಂಟ್ರೇಟರ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲೇ ಲೋರಾ ಸಂದೇಶ ನಿಭಾಯಿಸುವ ಚಿರ್ಪ್‌ಸ್ಟ್ಯಾಕ್ ತಂತ್ರಾಂಶ. ಫೈಬರ್ ಕಡಿದರೂ ಕಚೇರಿಯ ಪರದೆಯಲ್ಲಿ ಮಟ್ಟ ಕಾಣುತ್ತಿರುತ್ತದೆ. ಪೈಗೆ ಚಿಕ್ಕ ಯುಪಿಎಸ್ ಕೊಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದು ಎಸ್‌ಡಿ ಕಾರ್ಡ್ ಕೆಡುತ್ತದೆ.

ಮೂರನೆಯದಕ್ಕೆ ಲೋರಾ ಹಠ ಬೇಡ. ಗುಡ್ಡ ಅಡ್ಡ ಇದ್ದರೆ ಆಂಟೆನಾ ಬದಲಿಸಿ ಪ್ರಯೋಜನವಿಲ್ಲ. ಟ್ಯಾಂಕಿನ ಮೇಲೆ ಹತ್ತಿ ಯಾವ ಕಂಪನಿಯ 4ಜಿ ಸಿಗುತ್ತದೆ ನೋಡಿ, ಎಲ್‌ಟಿಇ ಕ್ಯಾಟ್-1 ಮಾಡ್ಯೂಲ್ ಹಾಕಿ. ಹಳೆಯ 2ಜಿ ಮಾಡ್ಯೂಲಿಗೆ ಜಿಯೊ ಸಿಮ್ ಹಾಕಿದರೆ ಏನೂ ಆಗುವುದಿಲ್ಲ, ಅವರಲ್ಲಿ 2ಜಿ ಇಲ್ಲ.

ಮಾಪನ_ಮಂಜು:
ರೇಡಿಯೊ ಬಗ್ಗೆ ಒಪ್ಪಿದೆ. ಆದರೆ ಈ ಯೋಜನೆ ಬೀಳುವುದು ಸೆನ್ಸರಿನಿಂದ. ಜೆಎಸ್‌ಎನ್‌ಗೆ ಮುಖದಿಂದ 20–25 ಸೆಂ.ಮೀ. ಒಳಗಿನದು ಕಾಣುವುದಿಲ್ಲ, ಟ್ಯಾಂಕ್ ತುಂಬುವ ಹೊತ್ತಿಗೇ, ಅಂದರೆ ಬೇಕಾದಾಗಲೇ, ಕುರುಡು. ಅದರ ಮುಖದ ಮೇಲೆ ರಾತ್ರಿ ಹನಿ ಕಟ್ಟುತ್ತದೆ. ಒಳಗಿನ ಕಬ್ಬಿಣದ ಏಣಿ, ಮೇಲಿನಿಂದ ಸುರಿಯುವ ನೀರು ಎರಡರಿಂದಲೂ ಸುಳ್ಳು ಪ್ರತಿಧ್ವನಿ. ಮೇಲಾಗಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40ರಲ್ಲಿ 355. ತಾಪ ಸರಿದೂಗಿಸದಿದ್ದರೆ 3 ಮೀಟರಿಗೆ 10 ಸೆಂ.ಮೀ. ವ್ಯತ್ಯಾಸ. ನಿಮ್ಮ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಅಂದರೆ 166 ಲೀಟರ್, ಗುಣಿಸಿಕೊಳ್ಳಿ.

ನೀರಲ್ಲಿ ಮುಳುಗಿಸುವ 0–5 ಮೀಟರಿನ, 4–20 ಮಿಲಿಆಂಪ್ ಒತ್ತಡದ ಸೆನ್ಸರ್ ತೆಗೆದುಕೊಳ್ಳಿ. ಒಂದು ಮೀಟರ್ ನೀರಿಗೆ 3.2 ಮಿಲಿಆಂಪ್. 150 ಓಮ್ ರೆಸಿಸ್ಟರ್ ಮೇಲೆ ಅಳೆದರೆ 0.6ರಿಂದ 3 ವೋಲ್ಟ್ ಸಿಗುತ್ತದೆ. ಇಎಸ್‌ಪಿ32ರ ಸ್ವಂತ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಸರಳರೇಖೆಯಲ್ಲಿ ನಡೆಯುವುದಿಲ್ಲ, ಬೇರೆ ಎಡಿಸಿ ಚಿಪ್ ಎಡಿಎಸ್1115 ಹಾಕಿ. 3.5 ಮಿಲಿಆಂಪ್‌ಗಿಂತ ಕಡಿಮೆ ಬಂದರೆ 'ಟ್ಯಾಂಕ್ ಖಾಲಿ' ಅಂತ ತೋರಿಸಬೇಡಿ, 'ವೈರ್ ಕಟ್' ಅಂತ ತೋರಿಸಿ.

ಇನ್ನೊಂದು: ಈ ಕೇಬಲಿನೊಳಗೆ ಗಾಳಿಗಾಗಿ ಕೂದಲೆಳೆಯಂಥ ಕೊಳವೆ ಇರುತ್ತದೆ. ಡಬ್ಬಿಯೊಳಗೆ ನೀರು ಬರಬಾರದೆಂದು ಅದಕ್ಕೂ ಎಂ-ಸೀಲ್ ಮೆತ್ತುತ್ತಾರೆ. ಆಮೇಲೆ ಹವೆಯ ಒತ್ತಡ 1 ಹೆಕ್ಟೊಪಾಸ್ಕಲ್ ಬದಲಾದರೆ ಮಟ್ಟ 1 ಸೆಂ.ಮೀ. ಕದಲುತ್ತದೆ. ಕೊಳವೆಯ ಬಾಯಿ ತೆರೆದಿರಲಿ, ಪಕ್ಕದಲ್ಲಿ ಸಿಲಿಕಾ ಜೆಲ್ ಇಡಿ, ಮಳೆಗಾಲಕ್ಕೆ ಮುಂಚೆ ಬದಲಿಸಿ.

ತುಂಗೆಯ_ದಡ:
ಸೆನ್ಸರ್ ಬದಲಿಸಿದೆವು ಅಂದುಕೊಳ್ಳಿ. ಆ ಸೆನ್ಸರಿಗೆ ಬೇಕಾದ 12 ವೋಲ್ಟಿಗೆ ಬ್ಯಾಟರಿ ಬೇಗ ಖಾಲಿಯಾಗುವುದಿಲ್ಲವೇ? ಮತ್ತೆ ಎಸ್‌ಎಫ್12 ಇಟ್ಟರೆ ತೋಟದ ತೊಂದರೆ ಮುಗಿಯುತ್ತದಲ್ಲ?

ಮಾಪನ_ಮಂಜು:
3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿನಿಂದ ಬೂಸ್ಟ್ ಮಾಡಿ, ಅಳೆಯುವಾಗ ಮಾತ್ರ ಮೂರು ಸೆಕೆಂಡ್ ಸಪ್ಲೈ ಕೊಟ್ಟರೆ, ದಿನಕ್ಕೆ 144 ಸಲ ಸೇರಿ 11 ಮಿಲಿಆಂಪ್-ಗಂಟೆ ಒಳಗೇ. ರೇಡಿಯೊ ಅದಕ್ಕಿಂತ ಕಡಿಮೆ. ನಿಜವಾದ ಕಳ್ಳ ನಿಮ್ಮ ಡೆವ್ ಬೋರ್ಡ್. ಚಿಪ್ ಮಲಗಿದ್ದರೂ ಬೋರ್ಡಿನ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಕೆಂಪು ಎಲ್‌ಇಡಿ ಸೇರಿ 10 ಮಿಲಿಆಂಪ್ ಎಳೆಯುತ್ತಿದ್ದರೆ ದಿನಕ್ಕೆ 240 ಆಯಿತು. ಬರೀ ಮಾಡ್ಯೂಲ್ ಬಳಸಿ.

ತಂತಿ_ಇಲ್ಲದವ:
ಎಸ್‌ಎಫ್12 ಬೇಡ. ಐದು ಬೈಟ್ ಕಳಿಸಲು ಎಸ್‌ಎಫ್7ಗೆ ಸುಮಾರು 51 ಮಿಲಿಸೆಕೆಂಡ್, ಎಸ್‌ಎಫ್12ಕ್ಕೆ 1.32 ಸೆಕೆಂಡ್. ಎರಡನೇ ಟ್ಯಾಂಕಿಗೆ ಎಸ್‌ಎಫ್10 ಸಾಕು, 330 ಮಿಲಿಸೆಕೆಂಡ್. ಆದರೆ ಅದನ್ನು ಅಲ್ಲೇ ಗಟ್ಟಿ ಮಾಡಿ, ಎಡಿಆರ್ (ಸಿಗ್ನಲ್ ನೋಡಿ ಎಸ್‌ಎಫ್ ತಾನೇ ಬದಲಿಸುವ ವ್ಯವಸ್ಥೆ) ಆಫ್ ಇಡಿ. ಎಡಿಆರ್ ಇದ್ದರೆ ಬೇಸಗೆಯಲ್ಲಿ ಸಿಗ್ನಲ್ ಚೆನ್ನಾಗಿದೆಯೆಂದು ಎಸ್‌ಎಫ್7ಕ್ಕೆ ಇಳಿಸುತ್ತದೆ. ಮೊದಲ ಮಳೆಗೆ ಕೊಂಡಿ ಕಡಿದರೆ ನೋಡ್ (ಟ್ಯಾಂಕಿನ ಸಾಧನ) 64 ಸಂದೇಶ ಕಳಿಸಿ, ಇನ್ನೂ 32 ಕಾದ ಮೇಲಷ್ಟೇ ತಪ್ಪು ತಿದ್ದಲು ಶುರು ಮಾಡುತ್ತದೆ. 96 ಸಂದೇಶ, ಹತ್ತತ್ತು ನಿಮಿಷ: 16 ಗಂಟೆ ಊರಿಗೆ ಲೆಕ್ಕವಿಲ್ಲ.

ಸ್ಟಾರ್ಟರ್_ಸಿದ್ದಪ್ಪ:
ಮೋಟರ್ ವಿಷಯ ಯಾರೂ ಮುಟ್ಟಿಲ್ಲ, ಪ್ರಾಣಕ್ಕೆ ಬರುವುದು ಅದೇ. ತ್ರೀಫೇಸ್ ಸ್ಟಾರ್ಟರಿನ ಕಾಯಿಲ್ ಎಷ್ಟೋ ಕಡೆ 415 ವೋಲ್ಟಿನದು. ಇಎಸ್‌ಪಿ32ಕ್ಕೆ ಸಾಮಾನ್ಯವಾಗಿ ಜೋಡಿಸುವ ನೀಲಿ ರಿಲೇ ಬೋರ್ಡಿನ ಮೇಲೆ ಬರೆದಿರುವುದು 250 ವೋಲ್ಟ್. ನೇರ ಜೋಡಿಸಿದರೆ ಒಂದು ದಿನ ಕಾಂಟ್ಯಾಕ್ಟ್ ಬೆಸೆದುಕೊಳ್ಳುತ್ತದೆ, ಮೋಟರ್ ನಿಲ್ಲುವುದೇ ಇಲ್ಲ. 415 ವೋಲ್ಟಿಗೆ ತಕ್ಕ ಕಾಂಟ್ಯಾಕ್ಟ್ ಇರುವ ಪುಟ್ಟ ಕಾಂಟ್ಯಾಕ್ಟರ್ ನಡುವೆ ಹಾಕಿ, ಅದನ್ನು ಸ್ಟಾಪ್ ಬಟನ್ನಿನ ಜೊತೆ ಸೀರೀಸ್‌ನಲ್ಲಿ ಕೊಡಿ. ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ಸಿಂಗಲ್ ಫೇಸಿಂಗ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವುದು), ಡ್ರೈ-ರನ್ ರಕ್ಷಣೆ (ನೀರಿಲ್ಲದೆ ಓಡದಂತೆ ತಡೆಯುವುದು) ಎರಡನ್ನೂ ಬೈಪಾಸ್ ಮಾಡಬೇಡಿ.

'ಆಫ್' ಎಂಬ ಸಂದೇಶ ಬಂದರೆ ನಿಲ್ಲಿಸುವುದು ತಪ್ಪು ವಿಧಾನ. 'ಇನ್ನೂ ತುಂಬಿಲ್ಲ' ಎಂಬ ಸಂದೇಶ ಬರುತ್ತಿರುವವರೆಗೆ ಮಾತ್ರ ಓಡಬೇಕು. ಮೂರು ತಪ್ಪಿದರೆ ತಾನೇ ನಿಲ್ಲಬೇಕು. ಪಂಪ್ ಗಂಟೆಗೆ 10,000 ಲೀಟರ್ ಎತ್ತಿದರೆ ಆ ಅರ್ಧ ಗಂಟೆಯಲ್ಲಿ 5,000 ಲೀಟರ್, ನಿಮ್ಮ ಟ್ಯಾಂಕಿನಲ್ಲಿ 30 ಸೆಂ.ಮೀ. ಹಾಗಾಗಿ ನಿಲ್ಲಿಸುವ ಗುರುತು ಓವರ್‌ಫ್ಲೋ ಪೈಪಿಗಿಂತ 30 ಸೆಂ.ಮೀ. ಕೆಳಗಿರಲಿ. ಮೋಟರ್ ಕಡೆ ಕರೆಂಟ್ ಇರುವುದರಿಂದ ಅಲ್ಲಿಯ ನೋಡ್ ಕ್ಲಾಸ್ ಸಿ ಇರಲಿ, ಸದಾ ಕೇಳಿಸಿಕೊಳ್ಳುತ್ತದೆ.

ನಕ್ಷೆ_ನಾಗರತ್ನ:
ವಾಲ್ವ್ ಜಾಗಕ್ಕೆ ಜಿಪಿಎಸ್ ಉಪಕರಣ ಹೂಳುವ ಅಗತ್ಯವಿಲ್ಲ, ವಾಲ್ವ್ ಎಲ್ಲೂ ಓಡಿಹೋಗುವುದಿಲ್ಲ. ಮೊಬೈಲಿನಲ್ಲಿ ಒಮ್ಮೆ ಗುರುತು ಹಾಕಿ. ತೆರೆದ ಜಾಗದಲ್ಲಿ ನಿಂತು ನಿಖರತೆ 5 ಮೀಟರ್ ಒಳಗೆ ಬರುವವರೆಗೆ ಕಾಯಿರಿ; ತೋಟದೊಳಗೆ ಅಷ್ಟು ಬರುವುದಿಲ್ಲ, ಅಲ್ಲಿ ಹತ್ತಿರದ ಮೋರಿಯಿಂದಲೋ ಕರೆಂಟ್ ಕಂಬದಿಂದಲೋ ಟೇಪ್ ಹಿಡಿದ ಅಳತೆಯನ್ನೂ ಬರೆದಿಡಿ. ದಶಾಂಶ ಬಿಂದುವಿನ ನಂತರ ಐದು ಅಂಕಿ ಸಾಕು, ಅದೇ 1.1 ಮೀಟರ್.

ಕೆಡುವುದು ಬರೆಯುವಾಗ. 13 ಡಿಗ್ರಿ 41 ನಿಮಿಷ 30 ಸೆಕೆಂಡ್ ಅಂದರೆ 13.69167. ಅದನ್ನೇ 13.4130 ಎಂದು ಟೈಪ್ ಮಾಡಿದರೆ ವಾಲ್ವ್ 31 ಕಿ.ಮೀ. ದಕ್ಷಿಣಕ್ಕೆ ಹೋಗುತ್ತದೆ. ಮ್ಯಾಪಿಗೆ ಹಾಕುವ ಜಿಯೊಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲು ಬದಲಾದರೆ ನಿಮ್ಮೂರ ವಾಲ್ವ್ ಆರ್ಕ್ಟಿಕ್ ಸಮುದ್ರದಲ್ಲಿ ಕಾಣಿಸುತ್ತದೆ. ಇದು ಒಳ್ಳೆಯ ತಪ್ಪು, ತಕ್ಷಣ ಕಣ್ಣಿಗೆ ಬೀಳುತ್ತದೆ. 200 ಮೀಟರ್ ಆಚೀಚೆ ಆದದ್ದು ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ವಾಲ್ವಿಗೆ ಬಣ್ಣದಲ್ಲಿ ನಂಬರ್ ಬರೆದು, ಅದೇ ನಂಬರ್ ಕಾಣುವಂತೆ ಒಂದು ಫೋಟೊ ಸೇರಿಸಿ. ಎಡಕ್ಕೆ ಎಷ್ಟು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುತ್ತದೆ, ಯಾವ ಕೇರಿಗೆ ನೀರು ಹೋಗುತ್ತದೆ ಎಂಬುದನ್ನು ನೀರಗಂಟಿಯನ್ನೇ ಜೊತೆಗಿಟ್ಟುಕೊಂಡು ಬರೆದುಕೊಳ್ಳಿ.