ಸಹಾಯ ಬೇಕು: ಅಡಿಕೆ ಹಾಳೆಯ ಚಿತ್ರಕ್ಕೆ ಬೂಸ್ಟು, ಹೂವಿಗೆ ಕನ್ನಡ ಹೆಸರು

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯ ನಾವು ಒಂಬತ್ತು ಜನ ಸೇರಿ ಊರಿನ ಕಲಾಕೇಂದ್ರದಲ್ಲಿ ಚಿತ್ರಪ್ರದರ್ಶನ ಇಡುತ್ತಿದ್ದೇವೆ. ಎಲ್ಲಾ ನಮ್ಮ ಸುತ್ತಲಿನದ್ದೇ: ತೋಟ, ಗುಡ್ಡ ಕೊರೆದ ಸುರಂಗದ ನೀರು, ಪಯಸ್ವಿನಿ ಹೊಳೆ, ಮಳೆಗಾಲದ ಪಾದೆ (ಬಂಡೆಯ ಬಯಲು).

ಮೊದಲ ತೊಂದರೆ ಅಡಿಕೆ ಹಾಳೆಯದ್ದು. ನಾನು ಬಿಡಿಸುವುದು ಅದರ ಮೇಲೆಯೇ. ನೀರಲ್ಲಿ ನೆನೆಸಿ, ಮೇಲೆ ಅಮ್ಮನ ಕಡೆಯುವ ಕಲ್ಲು ಹೇರಿ ಚಪ್ಪಟೆ ಮಾಡುತ್ತೇನೆ. ಆದರೂ ಒಣಗಿದ ಮೇಲೆ ಅಂಚು ಮೆಲ್ಲ ಮೇಲೇಳುತ್ತದೆ. ಹೋದ ಆಟಿ ತಿಂಗಳ ಮಳೆಯಲ್ಲಂತೂ ನಾಲ್ಕು ಚಿತ್ರಕ್ಕೆ ಬೂಸ್ಟು ಬಂತು. ಮಂಗಟ್ಟೆ ಹಕ್ಕಿಯ ಹಳದಿ ಕೊಕ್ಕಿನ ಮೇಲೆ ಬಿಳಿ ಹತ್ತಿ ಅಂಟಿದ ಹಾಗೆ! ಒರೆಸಿದರೆ ಬಣ್ಣವೂ ಕಿತ್ತು ಬಂತು. ಹಾಳೆಗೆ ವಾರ್ನಿಷ್ ಹೊಡೆದವರು ಯಾರಾದರೂ ಇದ್ದೀರಾ? ಬಣ್ಣಕ್ಕೆ ಮೊದಲೋ, ಆಮೇಲೋ? ಹಿಂಬದಿಗೂ ಬೇಕಾ?

ಎರಡನೆಯದು ಹೆಸರಿನ ತಲೆನೋವು. ಚೀಟಿಗಳನ್ನು ಕನ್ನಡ, ತುಳು, ಮಲಯಾಳ ಮೂರರಲ್ಲೂ ಬರೆಯುತ್ತಿದ್ದೇವೆ. ನೇರಳೆಗೆ ಞಾವಲ್, ಕೇಪಳಕ್ಕೆ ತೆಚ್ಚಿ, ಇವೆಲ್ಲ ಸುಲಭ. ಆದರೆ ಓಣಂ ಹೊತ್ತಿಗೆ ಮುರಕಲ್ಲಿನ ಪಾದೆ ತುಂಬಾ ಅರಳುವ ಆ ನೀಲಿ ಪುಟ್ಟ ಹೂ ಇದೆಯಲ್ವಾ, ಮಲಯಾಳದಲ್ಲಿ ಕಾಕ್ಕಪ್ಪೂ? ನೋಡಲು ಪಾಪ, ಆದರೆ ಬೇರಿನಂಥ ಎಳೆಗಳಲ್ಲಿರುವ ಸಣ್ಣ ಚೀಲಗಳಲ್ಲಿ ಹುಳ ಹಿಡಿದು ತಿನ್ನುವ ಗಿಡ. ನಿಮ್ಮ ಮನೆಯ ಹಿರಿಯರು ಅದಕ್ಕೆ ಏನನ್ನುತ್ತಾರೆ? ಪುಸ್ತಕದ ಹೆಸರು ಬೇಡ, ಬಾಯಲ್ಲಿ ಇರುವುದು ಬೇಕು.

ಹಾಂ, ಚಿತ್ರ ತೂಗುಹಾಕಲು ಏಣಿ ಇದ್ದರೆ ಎರಡು ದಿನಕ್ಕೆ ಕೊಡಿ. ಇಲ್ಲೇ ಕಮೆಂಟಲ್ಲಿ ತಿಳಿಸಿದರೆ ನಾನೇ ಬಂದು ಒಯ್ಯುತ್ತೇನೆ.